ಕಾಲು ಸುತ್ತಿನ ಮುಚ್ಚಳ

“ಆ ಮುಚ್ಚಳದಿಂದ ಕೈ ತೆಗೀರಿ ಅಂದೆ!”

“ತೆಗಿತಿಲ್ಲೆ. ಎಂತ ಮಾಡ್ತ್ರಿ?”

“ಸುಧೀರಣ್ಣ, ಇದು ನಿಮ್ಮ ಟ್ರಾಲ್ ಬೋಟಿನ ರೇಡಿಯೇಟರ್ ಅಲ್ಲ!”

“ಅದ್ ನಂಗೂ ಗೊತ್ತಿತ್ತ್. ಟ್ರಾಲ್ ಬೋಟಿನ ಇಂಜಿನ್ ರೂಮಿಗೆ ಹೀಂಗೆ ಬೊಬ್ಬೆ ಹೊಡುಕೆ ಯಾರೂ ಬತ್ತಿರ್ಲಿಲ್ಲ.”

ಗಂಗೊಳ್ಳಿ ಬಂದರಿನಲ್ಲಿ ಕಟ್ಟಿ ನಿಂತಿದ್ದ ‘ಸೌಪರ್ಣಿಕಾ’ ಹಡಗಿನ ಯಂತ್ರಕೋಣೆಯಲ್ಲಿ ಬೆಳಗಿನ ಏಳು ಗಂಟೆಗೆ ಈ ಜಗಳ ನಡೆದಿತ್ತು. ಒಂದು ಕಡೆ ಡಾಕ್ಟರ್ ಪ್ರಾರ್ಥನಾ ನಾಯರಿ, ನಲವತ್ತೊಂಬತ್ತು ವರ್ಷದ ವಿಜ್ಞಾನಿ. ಇನ್ನೊಂದು ಕಡೆ ಹಡಗಿನ ಯಂತ್ರ ನಡೆಸುವ ಡ್ರೈವರ್ ಸುಧೀರ ಮೊಗವೀರ, ಮೀನು ಹಿಡಿಯುವ ಟ್ರಾಲ್ ಬೋಟುಗಳಿಂದ ಬಂದವನು, ಅರವತ್ತು ದಾಟಿದವನು. ಇಬ್ಬರ ನಡುವೆ ಎದೆಯೆತ್ತರದ ಒಂದು ಸ್ಟೀಲ್ ತೊಟ್ಟಿ. ಅದರ ನೆತ್ತಿಯ ಮೇಲೆ ಅಂಗೈ ಅಗಲದ ಮುಚ್ಚಳ. ಮುಚ್ಚಳದ ಪಕ್ಕದಲ್ಲಿ ಸಣ್ಣ ಹಸಿರು ದೀಪ, ದೀಪದ ಕೆಳಗೆ ಒಂದು ಅಂಕಿ. ಸೊನ್ನೆ.

ಆ ಸೊನ್ನೆಯೇ ಪ್ರಾರ್ಥನಾಳನ್ನು ಮಂಗಳೂರಿನ ಪ್ರಯೋಗಾಲಯದಿಂದ ಇಲ್ಲಿಗೆ ಎಳೆದು ತಂದದ್ದು. ಸೊನ್ನೆ ಬಂದರೆ ಸಂತೋಷಪಡಬೇಕು, ಹೆದರುವುದೇಕೆ? ಅದು ತಿಳಿಯಬೇಕಾದರೆ ಈ ಹಡಗುಗಳ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕು.

ಕರಾವಳಿಯಲ್ಲಿ ಡೀಸೆಲ್ ಹಡಗುಗಳ ಕಾಲ ಮುಗಿದು ಹದಿನೈದು ವರ್ಷವಾಗಿತ್ತು. 2059ರಲ್ಲಿ ಅಲ್ಲಿ ಓಡುತ್ತಿದ್ದದ್ದು ಇಂಧನಕೋಶದ ಹಡಗುಗಳು. ಇಂಧನಕೋಶದಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ. ಒಂದು ತೆಳು ಪೊರೆಯ ಈಚೆ ಬದಿಯಲ್ಲಿ ಹೈಡ್ರೋಜನ್ ಅನಿಲ, ಆಚೆ ಬದಿಯಲ್ಲಿ ಗಾಳಿ. ಪೊರೆಯ ಮೂಲಕ ಎರಡೂ ಕೂಡುವಾಗ ವಿದ್ಯುತ್ತು ಹುಟ್ಟುತ್ತದೆ, ಉಳಿಯುವುದು ನೀರು. ಇಂಥ ನೂರಾರು ಪೊರೆಗಳನ್ನು ತಟ್ಟೆಗಳ ನಡುವೆ ಇಟ್ಟು, ನೀರುದೋಸೆ ಪೇರಿಸಿದ ಹಾಗೆ ಪೇರಿಸುತ್ತಾರೆ. ಕೆಲಸ ಮಾಡುವಾಗ ಅವು ಕಾಯುತ್ತವೆ. ಕಾವು ಇಳಿಸಲು ತಟ್ಟೆಗಳ ಸಂದಿಯಲ್ಲಿ ತಂಪುನೀರು ಹರಿಯುತ್ತಿರಬೇಕು. ಆ ನೀರು ಹಿಗ್ಗಲು ಕುಗ್ಗಲು ಜಾಗ ಬೇಕೆಂದು ಕೊನೆಯಲ್ಲಿ ಒಂದು ತೊಟ್ಟಿ.

ತೊಂದರೆ ಇರುವುದು ತಟ್ಟೆಗಳ ಅಂಚಿನ ರಬ್ಬರು ಪಟ್ಟಿಯಲ್ಲಿ. ವರ್ಷ ಕಳೆದಂತೆ ಅದು ಸವೆಯುತ್ತದೆ. ಹೈಡ್ರೋಜನ್‌ನಷ್ಟು ಸಣ್ಣ ಕಳ್ಳ ಇನ್ನೊಬ್ಬನಿಲ್ಲ. ಸವೆದ ಸಂದಿಯಿಂದ ನುಸುಳಿ ತಂಪುನೀರಿಗೆ ಸೇರುತ್ತದೆ, ನೀರಿನ ಜೊತೆ ಸವಾರಿ ಮಾಡಿ ತೊಟ್ಟಿಗೆ ಬಂದು ಮೇಲಕ್ಕೆ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೂರು ಪಾಲು ಗಾಳಿಯಲ್ಲಿ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅನಿಲದ ಕೊಳವೆ ಇರುವ ಕೋಣೆಗೆ ಎಲ್ಲರೂ ಹೆದರುತ್ತಾರೆ. ತಂಪುನೀರಿನ ತೊಟ್ಟಿ ಇರುವ ಕೋಣೆಗೆ ಯಾರು ಹೆದರುತ್ತಾರೆ? ಅಲ್ಲಿ ಮಾಮೂಲಿ ಸ್ವಿಚ್ಚು, ಮಾಮೂಲಿ ದೀಪ. ಮೊದಮೊದಲು ದೂರದ ಸಮುದ್ರಗಳಲ್ಲಿ ಎರಡು ಹಡಗುಗಳು ಹೀಗೆಯೇ ಸುಟ್ಟವು.

ಪ್ರಾರ್ಥನಾ ಹನ್ನೊಂದು ವರ್ಷ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು ಈ ಕಳ್ಳನನ್ನು ಹಿಡಿಯುವ ಸಾಧನ. ಪಲ್ಲಾಡಿಯಂ ಎಂಬ ಲೋಹ ಹೈಡ್ರೋಜನ್ ಅನಿಲವನ್ನು ಹೀರಿ ಉಬ್ಬುತ್ತದೆ. ಇದು ಹಳೆಯ ಸಂಗತಿ. ಆದರೆ ತೊಟ್ಟಿಯೊಳಗೆ ಸದಾ ಬಿಸಿ ಆವಿ. ಆ ತೇವಕ್ಕೆ ಹಿಂದಿನ ಸಾಧನಗಳೆಲ್ಲ ನೆಗಡಿ ಹಿಡಿದವರ ಹಾಗೆ ಏನೂ ತಿಳಿಯದೆ ಕೂರುತ್ತಿದ್ದವು. ಅವಳು ಉಗುರಿನಷ್ಟು ಅಗಲದ ಪಲ್ಲಾಡಿಯಂ ಹಾಳೆಗೆ, ಆವಿಯನ್ನು ತಡೆದು ಹೈಡ್ರೋಜನ್ನನ್ನು ಮಾತ್ರ ಒಳಗೆ ಬಿಡುವ ಅಂಗಿ ತೊಡಿಸಿದಳು. ತೊಟ್ಟಿಯ ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ ಒಂದು ಪಾಲು ಆಯಿತೋ, ಸಾಧನ ಯಾರನ್ನೂ ಕೇಳದೆ ಇಂಧನಕೋಶಗಳನ್ನು ನಿಲ್ಲಿಸಿಬಿಡುತ್ತಿತ್ತು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ಜನ ಮೂಗು ಎಂದರು.

ಮೂಗು ಬಂದ ಮೇಲೆ ಕರಾವಳಿಯ ಬದುಕೇ ಬೇರೆಯಾಯಿತು. ಮರವಂತೆಯ ಹತ್ತಿರ ಹೆದ್ದಾರಿಯನ್ನು ಕಡಲು ತಿಂದು ಎಂಟು ವರ್ಷವಾಗಿತ್ತು. ಕಾರವಾರದಿಂದ ಮಂಗಳೂರಿನ ತನಕ ನಲವತ್ತು ಹಡಗುಗಳು ಬಸ್ಸಿನ ಹಾಗೆ ಓಡಾಡಿದವು. ಮೀನು ಮಾರುವ ಹೆಂಗಸರು, ಡಯಾಲಿಸಿಸ್‌ಗೆ ಹೋಗುವ ಮುದುಕರು, ಕಾಲೇಜಿನ ಹುಡುಗಿಯರು, ಎಲ್ಲರಿಗೂ ಅದೇ ದಾರಿ. ಯಂತ್ರಕೋಣೆಯ ನೇರ ಮೇಲಿನ ಬೆಂಚುಗಳಿಗೆ ಯಾವಾಗಲೂ ನೂಕುನುಗ್ಗಲು. ಅಲ್ಲಿ ನೆಲ ಬೆಚ್ಚಗಿರುತ್ತದೆ ಎಂದು ತಾಯಂದಿರು ಎಳೆಮಕ್ಕಳನ್ನು ಅಲ್ಲೇ ಮಲಗಿಸುತ್ತಿದ್ದರು. ಕೆಳಗೆ ಮೂಗು ಇದೆಯಲ್ಲ!

ಈಗ ಆ ಸೊನ್ನೆಯ ವಿಷಯ. ರಬ್ಬರು ಪಟ್ಟಿ ಸವೆಯಲೇಬೇಕು. ಬೇರೆ ಕಡೆಯ ಹಡಗುಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಅಂಕಿ ಮೆಲ್ಲಗೆ ಏರುತ್ತದೆ, ಪಟ್ಟಿ ಬದಲಿಸುತ್ತಾರೆ, ಇಳಿಯುತ್ತದೆ. ಗಂಗೊಳ್ಳಿಯ ಡ್ರೈವರುಗಳು ನಡೆಸುವ ಹದಿನಾಲ್ಕು ಹಡಗುಗಳಲ್ಲಿ ಮಾತ್ರ ಆರು ವರ್ಷದಿಂದ ಸೊನ್ನೆ. ಕಂಪನಿಯವರು ಹಿಗ್ಗಿ ಸುಧೀರನಿಗೆ ಶಾಲು ಹೊದಿಸಿದ್ದರು, ಹೊಸಬರಿಗೆಲ್ಲ ಅವನಿಂದಲೇ ಪಾಠ ಹೇಳಿಸಿದ್ದರು. ಆರು ವರ್ಷ ಒಂದು ದಿನವೂ ಜ್ವರ ಬಾರದ ಮಗುವನ್ನು ಯಾರಾದರೂ ನೋಡಿದ್ದುಂಟೇ? ಅಂಕಿಗಳ ಆ ನೇರ ಗೆರೆಯನ್ನು ಪ್ರಾರ್ಥನಾ ನಂಬಲಿಲ್ಲ. ಇವತ್ತು ಹೇಳದೆ ಕೇಳದೆ ಬಂದು ಯಂತ್ರಕೋಣೆಯ ಮೂಲೆಯಲ್ಲಿ ನಿಂತಳು. ಹಡಗು ಆರು ಗಂಟೆಗೆ ಕಾರವಾರದಿಂದ ಬಂದಿತ್ತು, ಎಂಟಕ್ಕೆ ಮತ್ತೆ ಹೊರಡಬೇಕಿತ್ತು. ನಿಂತಾಗಲೂ ದೀಪ, ಪಂಪುಗಳಿಗೆಂದು ಕೋಶಗಳು ಮೆಲ್ಲಗೆ ನಡೆಯುತ್ತಲೇ ಇರುತ್ತವೆ. ಸುಧೀರ ಡ್ಯೂಟಿಗೆ ಬಂದ. ತೊಟ್ಟಿಯ ಹತ್ತಿರ ಹೋದ. ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಸಡಿಲ ಬಿಟ್ಟ.

ಅಷ್ಟೇ. ಅವಳಿಗೆ ಎಲ್ಲ ತಿಳಿದುಹೋಯಿತು, ಬಾಯಿ ಬಿಟ್ಟಳು.

“ಯಾಕೆ ಸಡಿಲ ಮಾಡುವುದು? ಕಾರಣ ಹೇಳಿ.”

“ಗಾಳಿ ಬಿಡುಕೆ. ನೀರಿನ ಪೈಪಂಗೆ ಗಾಳಿ ನಿಂತ್ರೆ ನೀರ್ ತಿರ್ಗುದಿಲ್ಲ, ಇಂಜಿನ್ ಕಾದ್ ಸೀಜ್ ಆತ್ತ್. ನನ್ನಪ್ಪ ಹೇಳಿಕೊಟ್ಟದ್ದ್. ಡ್ಯೂಟಿ ಹಿಡುವ ಹೊತ್ತಿಗೆ ಸಡಿಲ, ಬಿಡುವ ಹೊತ್ತಿಗೆ ಬಿಗಿ. ನಲವತ್ತ್ ವರ್ಷದಲ್ಲಿ ನನ್ ಕೈಯಂಗೆ ಒಂದ್ ಇಂಜಿನ್ ಸೀಜ್ ಆಯ್ಲಿಲ್ಲ.”

“ಗಾಳಿ ಹೋಗಲಿಕ್ಕೆ ಇಲ್ಲಿ ಕೊಳವೆ ಇದೆ. ಮೂಗಿನ ಎದುರಿಗೇ ಹಾದು ಹಡಗಿನ ನೆತ್ತಿಗೆ ಹೋಗುತ್ತದೆ. ನೀವು ಮುಚ್ಚಳ ಬಿಟ್ಟರೆ ಅದು ಮೂಗಿಗೆ ಸಿಗದೆ ನೇರ ಈ ಕೋಣೆಗೆ ಬರುತ್ತದೆ. ನೀವು ಬಿಡುತ್ತಿರುವುದು ಗಾಳಿಯಲ್ಲ ಸುಧೀರಣ್ಣ, ಹೈಡ್ರೋಜನ್!”

“ಹಂಗಾರೆ ಮುಚ್ಚಳಕ್ಕೆ ತಿರ್ಗ್ಸುಕೆ ಕಿವಿ ಎಂತಕೆ ಇಟ್ಟದ್ದ್? ಕಾಣಿ ಇದ್ನ. ಬೋಟಿನ ರೇಡಿಯೇಟರ್ ಮುಚ್ಚಳದ್ದೇ ಅಚ್ಚ್. ಕಾಲ್ ಸುತ್ತಿಗೆ ಸಡಿಲ, ಪೂರಾ ಸುತ್ತಿಗೆ ಕೈಗೆ ಬತ್ತ್. ಯಾರ್ ಮಾಡದ್ದ್ ಇದ್? ನಾನಾ?”

ಮಾಡಿದ್ದು ಪ್ರಾರ್ಥನಾಳೇ. ಹೊಸ ಯಂತ್ರಕ್ಕೆ ದೋಣಿಯವರು ಹೆದರಬಾರದು, ಕೈಗೆ ಪರಿಚಯದ್ದು ಏನಾದರೂ ಇರಲಿ ಎಂದು ಮಲ್ಪೆಯ ಹಳೆ ಸಾಮಾನಿನ ಅಂಗಡಿಯಿಂದ ಒಂದು ರೇಡಿಯೇಟರ್ ಮುಚ್ಚಳ ತರಿಸಿ, ಅದೇ ಅಳತೆಗೆ ಇದನ್ನು ಮಾಡಿಸಿದ್ದಳು. ಅದಕ್ಕೆ ಚಪ್ಪಾಳೆಯೂ ಸಿಕ್ಕಿತ್ತು. ಪರಿಚಯದ ಮುಚ್ಚಳ ಸಿಕ್ಕಿದರೆ ಕೈ ಪರಿಚಯದ ಕೆಲಸವನ್ನೇ ಮಾಡುತ್ತದೆ ಎಂಬುದು ಅವಳ ಓದಿದ ತಲೆಗೆ ಹೊಳೆದಿರಲಿಲ್ಲ.

“ಹತ್ತು ನಿಮಿಷ ಬಿಗಿ ಮಾಡಿ ನೋಡುವ,” ಎಂದಳು, ದನಿ ತಗ್ಗಿಸಿ. “ಸೊನ್ನೆಯಲ್ಲೇ ನಿಂತರೆ ನಿಮ್ಮ ಕಾಲಿಗೆ ಬೀಳುತ್ತೇನೆ.”

“ಬೀಳುದ್ ಬ್ಯಾಡ. ಇಲ್ಲಿ ಬೀಳುಕೆ ಜಾಗವೂ ಇಲ್ಲ.” ಸುಧೀರ ಮುಚ್ಚಳ ತಿರುಗಿಸಿ ಬಿಗಿ ಮಾಡಿದ.

ಮೊದಲ ಎರಡು ನಿಮಿಷ ಏನೂ ಆಗಲಿಲ್ಲ. ಸುಧೀರ ಕೈಕಟ್ಟಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅಂಕಿ ಕದಲಿತು. ಸೊನ್ನೆ ಬಿಂದು ಒಂದು. ಎರಡು. ಬಿಂದು ನಾಲ್ಕು. ಹಸಿರು ದೀಪ ಹಳದಿಯಾಯಿತು. ಸುಧೀರನ ಕಟ್ಟಿದ ಕೈ ಬಿಚ್ಚಿತು. ಪ್ರಾರ್ಥನಾಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಇನ್ನೊಂದು ಪ್ರಶ್ನೆ ಎದೆಗೆ ಒದ್ದಿತು. ರಾತ್ರಿ ಪಾಳಿಯವನೂ ಸಡಿಲ ಬಿಟ್ಟಿರುವ ಈ ಮುಚ್ಚಳದಿಂದ ಬಂದದ್ದು ಎಲ್ಲಿಗೆ ಹೋಯಿತು?

ಅವಳು ಚೀಲದಿಂದ ಕೈಯಲ್ಲಿ ಹಿಡಿಯುವ ಸಣ್ಣ ಮೂಗನ್ನು ತೆಗೆದು ಚಾವಣಿಯ ಕಡೆ ಎತ್ತಿದಳು. ಮೇಲಿನ ಬೆಂಚಿನವರಿಗೆ ನೆಲ ತೀರಾ ಕಾಯಬಾರದೆಂದು ಚಾವಣಿಗೆ ಹಲಗೆ ಹೊದಿಸಿದ್ದರು. ಹಲಗೆಗೂ ಮೇಲಿನ ನೆಲಕ್ಕೂ ನಡುವೆ ಒಂದು ಗೇಣು ಪೊಳ್ಳು. ಅಲ್ಲಿಗೆ ಫ್ಯಾನಿನ ಗಾಳಿ ಮುಟ್ಟುವುದಿಲ್ಲ. ಹಲಗೆಯ ಸಂದಿಗೆ ಹಿಡಿದ ಸಾಧನ ಮೂರು ಬಿಂದು ಆರು ತೋರಿಸಿತು.

ನಾಲ್ಕಕ್ಕೆ ಹೊತ್ತಿಕೊಳ್ಳುತ್ತದೆ. ಸಂದಿಯಲ್ಲೇ ಇಷ್ಟಿದ್ದರೆ ಒಳಗೆ?

ತೊಟ್ಟಿಯ ಅಂಕಿ ಬಿಂದು ಏಳು. ಒಂದು ಮುಟ್ಟಿದರೆ ಮೂಗು ಕೋಶಗಳನ್ನು ನಿಲ್ಲಿಸುತ್ತದೆ. ನಿಲ್ಲಿಸುವುದೆಂದರೆ ಗೋಡೆಯ ಮೇಲಿರುವ ದೊಡ್ಡ ಸ್ವಿಚ್ಚು ತಾನಾಗಿ ಕೆಳಗೆ ಬೀಳುವುದು. ಅಷ್ಟು ವಿದ್ಯುತ್ತನ್ನು ಕಡಿಯುವಾಗ ಕಿಡಿ ಹಾರುತ್ತದೆ. ಸುರಕ್ಷಿತ ಕೋಣೆ ಎಂಬ ನಂಬಿಕೆಯಲ್ಲಿ ಆ ಸ್ವಿಚ್ಚನ್ನು ಇಲ್ಲೇ, ಈ ಹಲಗೆಗಳ ಕೆಳಗೇ ಕೂರಿಸಿದ್ದರು. ಜನರನ್ನು ಉಳಿಸಲೆಂದು ಅವಳು ಮಾಡಿದ ಸಾಧನ ಇನ್ನು ಎರಡು ನಿಮಿಷದಲ್ಲಿ ಕಡ್ಡಿ ಗೀರಲಿತ್ತು.

“ಮುಚ್ಚಳ ತೆಗೀರಿ!”

“ಎಂತ?”

“ಸಡಿಲ ಮಾಡಿ ಮಾರಾಯ್ರೆ, ಬೇಗ!”

“ಕೈ ತೆಗಿ ಅಂಬ್ರಿ, ಬಿಗಿ ಮಾಡ್ ಅಂಬ್ರಿ, ಈಗ ಸಡಿಲ ಮಾಡ್ ಅಂಬ್ರಿ...” ಎನ್ನುತ್ತಲೇ ಅವಳ ಮುಖ ನೋಡಿ ಅವನು ಮಾತು ನಿಲ್ಲಿಸಿದ. ಮುಚ್ಚಳ ಕಾಲು ಸುತ್ತು ತಿರುಗಿತು. ಬಿಂದು ಒಂಬತ್ತಕ್ಕೆ ಬಂದಿದ್ದ ಅಂಕಿ ಅಲ್ಲೇ ನಿಂತಿತು, ಮತ್ತೆ ಇಳಿಯತೊಡಗಿತು.

ಅವಳು ಪಿಸುಮಾತಿನಲ್ಲಿ ವಿಷಯ ಹೇಳಿದಳು. ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಫ್ಯಾನು ಜೋರು ಮಾಡಬಾರದು, ಫೋನು ಹೊರಗೆ ತೆಗೆಯಬಾರದು, ಕಬ್ಬಿಣಕ್ಕೆ ಕಬ್ಬಿಣ ತಾಗಿಸಬಾರದು. ಸುಧೀರ ಮೆಟ್ಟಿಲು ಹತ್ತಿದ. ಮೇಲೆ ಹೋಗಿ ಬೆಂಚಿನ ಮೇಲೆ ಕೂತಿದ್ದ ಅರವತ್ತು ಎಪ್ಪತ್ತು ಮಂದಿಗೆ ಹಡಗು ತಡ ಇದೆ, ಇಳಿದು ಚಾ ಕುಡಿದು ಬನ್ನಿ ಎಂದು ಹೇಳಿ ಇಳಿಸಿದ. ಆಮೇಲೆ ಕೆಳಗೆ ಬಂದು ಗಾಳಿಕಿಂಡಿಯ ಚಕ್ರವನ್ನು ಕೈಯಿಂದ ತಿರುಗಿಸಿ ತೆರೆದ. ಹಲಗೆಗಳನ್ನು ಒಂದೊಂದಾಗಿ ಬೆರಳು ತೂರಿಸಿ ಕಿತ್ತ. ಸುತ್ತಿಗೆ ಇಲ್ಲ, ಮೀಟುಗೋಲು ಇಲ್ಲ. ನಾಲ್ಕನೆಯ ಹಲಗೆಗೆ ಉಗುರು ಸೀಳಿ ರಕ್ತ ಬಂತು. ಕೈಯಲ್ಲಿದ್ದ ಸಾಧನ ಐದು ಬಿಂದು ಎರಡಕ್ಕೆ ಏರಿ, ಮೂರಕ್ಕೆ ಇಳಿದು, ಕಾಲು ಗಂಟೆಯ ಮೇಲೆ ಬಿಂದು ಎರಡಕ್ಕೆ ಬಂತು.

ಪ್ರಾರ್ಥನಾ ಮೆಟ್ಟಿಲ ಮೇಲೆ ಕುಸಿದು ಕೂತಳು. “ತಪ್ಪು ನಂದು ಸುಧೀರಣ್ಣ. ಆ ಮುಚ್ಚಳ ಮಾಡಿದ್ದು ನಾನು. ಅದನ್ನು ತೆರೆಯಬೇಡಿ ಅಂತ ಪುಸ್ತಕದಲ್ಲಿ ಒಂದು ಸಾಲು ಬರೆದಿಲ್ಲ. ಯಾರಾದರೂ ತೆರೆಯುತ್ತಾರೆ ಅಂತಲೇ ನನಗೆ ಹೊಳೆಯಲಿಲ್ಲ.”

ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆರಳಿಗೆ ಬಟ್ಟೆ ಸುತ್ತುತ್ತಿದ್ದವನು ಹಾಗೇ ನಿಂತಿದ್ದ.

“ವಾರಾಹಿ,” ಎಂದ.

‘ವಾರಾಹಿ’ ಐದೂವರೆಗೆ ಕಾರವಾರಕ್ಕೆ ಹೊರಟಿದ್ದ ಹಡಗು. ಈ ಹೊತ್ತಿಗೆ ಭಟ್ಕಳ ದಾಟಿರುತ್ತದೆ. ಅದರಲ್ಲಿ ಮುನ್ನೂರ ಹನ್ನೆರಡು ಜನ. ಅದರ ಯಂತ್ರ ನಡೆಸುವವಳು ಇಂಚರ, ಸುಧೀರನ ಮಗಳು.

“ನಾನೇ ಕಲ್ಸದ್ದ್ ಅವ್ಳಿಗೆ,” ಎಂದ. “ಮುಚ್ಚಳ ಬಿಡುಕೆ ಒಂದ್ ದಿನವೂ ಮರಿಯುದಿಲ್ಲ ಅವ್ಳ್.”

ಕಂಪನಿಯ ಕಚೇರಿ ಬಂದರಿನ ಎದುರಿಗೇ ಇತ್ತು. ಎರಡನೆಯ ಮಹಡಿಯಲ್ಲಿ ವ್ಯವಸ್ಥಾಪಕ ಶ್ರ‍ೇಯಸ್ ಕಾಮತನ ಕೋಣೆ. ಅಲ್ಲಿ ಗೋಡೆಯ ತುಂಬ ಹಡಗುಗಳ ನಕ್ಷೆ, ಮೇಜಿನ ಮೇಲೆ ಗಾಜಿನ ಮುಚ್ಚಳದ ಕೆಳಗೆ ನಲವತ್ತು ಕೆಂಪು ಗುಂಡಿಗಳು. ಒಂದೊಂದು ಗುಂಡಿ ಒತ್ತಿದರೆ ಒಂದೊಂದು ಹಡಗು ಇದ್ದಲ್ಲೇ ನಿಲ್ಲುತ್ತದೆ. ಇವರಿಬ್ಬರು ಏದುಸಿರು ಬಿಡುತ್ತ ವಿಷಯ ಹೇಳಿ ಮುಗಿಸುವ ಮೊದಲೇ ಕಾಮತ ಗಾಜು ಎತ್ತಿದ.

“ಒತ್ತಬೇಡಿ!” ಎಂದಳು ಪ್ರಾರ್ಥನಾ.

“ಮೇಡಂ, ಅನುಮಾನ ಬಂದ ಕ್ಷಣವೇ ನಿಲ್ಲಿಸಬೇಕು. ಪುಟ ಹದಿನಾಲ್ಕು. ನೀವೇ ಬರೆದದ್ದು.”

“ಹೌದು, ನಾನೇ ಬರೆದದ್ದು. ಒತ್ತಿದರೆ ಅಲ್ಲಿ ಸ್ವಿಚ್ಚು ಬೀಳುತ್ತದೆ. ಕಿಡಿ ಹಾರುತ್ತದೆ.”

“ನಿಯಮ ಬಿಟ್ಟು ಏನಾದರೂ ಆದರೆ ನನ್ನನ್ನು ಕೇಳುತ್ತಾರೆ, ನಿಮ್ಮನ್ನಲ್ಲ!”

“ನಿಯಮ ಹಿಡಿದು ಏನಾದರೂ ಆದರೆ?”

ಕಾಮತ ಕೆಟ್ಟವನಲ್ಲ. ಹೆದರಿದವನು. ಹೆದರಿದವನಿಗೆ ಪುಸ್ತಕ ದೊಡ್ಡ ಆಸರೆ. ಅವನ ಬೆರಳು ಗುಂಡಿಯ ಕಡೆ ಹೋಯಿತು. ಅಷ್ಟರಲ್ಲಿ ಸುಧೀರ ತನ್ನ ಎರಡೂ ಕೈಗಳನ್ನು ಅಡ್ಡಡ್ಡ ಮೇಜಿನ ಮೇಲೆ ಚಾಚಿ, ಗುಂಡಿಗಳ ಮೇಲೆ ಕಮಾನಿನಂತೆ ಬಾಗಿ ನಿಂತ. ಬಟ್ಟೆ ಸುತ್ತಿದ ಬೆರಳಿನಿಂದ ರಕ್ತ ಗುಂಡಿಗಳ ಮೇಲೆ ಬಿತ್ತು.

“ನನ್ ಮಗ್ಳ್ ಅದ್ರಲ್ ಇದ್ಲ್,” ಎಂದ. “ನನ್ ಕೈ ಕಡ್ದ್ ಒತ್ತಿ, ಒತ್ತುದಾರೆ.”

ಪ್ರಾರ್ಥನಾ ರೇಡಿಯೋ ಹಿಡಿದಳು. ವಾರಾಹಿಯ ಕಪ್ತಾನ ಸಿಕ್ಕಿದ. ಹಡಗಿನೊಳಗಿನ ಫೋನಿನಲ್ಲಿ ಯಂತ್ರಕೋಣೆಗೆ ಕರೆ ಮಾಡಬಾರದು, ಅಲ್ಲಿನ ಗಂಟೆಯಲ್ಲೂ ಕಿಡಿ ಇದೆ. ಒಬ್ಬನನ್ನು ಕಾಲ್ನಡಿಗೆಯಲ್ಲಿ ಕೆಳಗೆ ಕಳಿಸಬೇಕು. ಅವನು ಬಾಯಲ್ಲಿ ಹೇಳಬೇಕು: ಮುಚ್ಚಳ ಮುಟ್ಟಬೇಡ, ಇದ್ದ ಹಾಗೇ ಇರಲಿ. ಹಡಗಿನ ವೇಗ ಬದಲಿಸಬೇಡ. ಗಾಳಿಕಿಂಡಿ ಕೈಯಲ್ಲಿ ತೆರೆ. ಹಲಗೆ ಕೈಯಲ್ಲಿ ಕೀಳು. ಮೇಲಿನ ಬೆಂಚಿನ ಜನರನ್ನು ಗಲಾಟೆಯಿಲ್ಲದೆ ಮುಂದಕ್ಕೆ ಕಳಿಸಬೇಕು. ಕಪ್ತಾನ ಎಲ್ಲವನ್ನೂ ಒಂದು ಸಲ ತಿರುಗಿ ಹೇಳಿ ಒಪ್ಪಿಸಿದ.

ಇಪ್ಪತ್ತೆರಡು ನಿಮಿಷ ಕಾದರು. ಕಾಮತ ಕೂತ, ಎದ್ದ, ಮತ್ತೆ ಕೂತ. ನಕ್ಷೆಯ ಮೇಲೆ ವಾರಾಹಿಯ ಚುಕ್ಕೆ ನೇತ್ರಾಣಿ ಗುಡ್ಡದ ಪಕ್ಕದಲ್ಲಿ ಇರುವೆಯ ಹಾಗೆ ತೆವಳುತ್ತಿತ್ತು. ಸುಧೀರ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲಿಲ್ಲ. ಉಳಿದ ಹನ್ನೆರಡು ಹಡಗುಗಳ ಕಪ್ತಾನರಿಗೆ ಪ್ರಾರ್ಥನಾ ಅದೇ ಮಾತುಗಳನ್ನು ಹೇಳುತ್ತ ಹೋದಳು. ಹೇಳುವಾಗ ಕಿವಿಯೆಲ್ಲ ವಾರಾಹಿಯ ಕಡೆಗೇ. ಸುಟ್ಟ ಎರಡು ಹಡಗುಗಳ ಚಿತ್ರಗಳನ್ನು ಅವಳು ವರ್ಷಗಟ್ಟಲೆ ಪ್ರಯೋಗಾಲಯದ ಗೋಡೆಗೆ ಅಂಟಿಸಿಟ್ಟಿದ್ದಳು. ಈಗ ಅವು ಕಣ್ಣೊಳಗೆ ಅಂಟಿಕೊಂಡವು.

ರೇಡಿಯೋ ಕರಕರ ಎಂದಿತು. ಹೆಣ್ಣು ದನಿ.

“ಅಪ್ಪ ಇದ್ರಾ ಅಲ್ಲಿ?”

“ಇದ್ದೆ. ಹೇಳ್.”

“ಕಿಂಡಿ ತೆಗ್ದೆ. ಹಲ್ಗಿ ಎಲ್ಲ ಕಿತ್ತೆ. ಅರ್ಧ ಗಂಟಿ ಗಾಳಿ ಆಡ್ಲಿ, ಮತ್ತೆ ಮೆಲ್ಲ ನಿಲ್ಸುದ್ ಅಂದ್ರ್ ಕಪ್ತಾನ್ರ್.” ಆಮೇಲೆ ಕೇಳಿದಳು: “ಅಪ್ಪಾ, ಮುಚ್ಚಳ ಬಿಡುಕೆ ನೀವೇ ಅಲ್ದಾ ಹೇಳದ್ದ್?”

ಸುಧೀರ ಮೇಜಿನಿಂದ ಕೈ ತೆಗೆದು, ಕಿಟಕಿಯ ಹತ್ತಿರ ಹೋಗಿ, ಹೊರಗೆ ನೋಡುತ್ತ ನಿಂತ.

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕೂ ಹಡಗುಗಳು ದಡ ಸೇರಿದವು. ಹನ್ನೊಂದರ ಚಾವಣಿಯಲ್ಲಿ ಅನಿಲ ಸಿಕ್ಕಿತ್ತು. ಎಲ್ಲಿಯೂ ಯಾರಿಗೂ ಏನೂ ಆಗಿರಲಿಲ್ಲ. ಇದೆಲ್ಲ ಗೊತ್ತಾದ ಮೇಲೆ ಕಾಮತನ ಮುಖಕ್ಕೆ ಬಣ್ಣ ಬಂತು. ಬಣ್ಣದ ಜೊತೆಗೆ ಬುದ್ಧಿಯೂ ಬಂತು. ನಾಲ್ಕು ಗಂಟೆಗೆ ಅವನು ಇಬ್ಬರನ್ನೂ ಕೂರಿಸಿಕೊಂಡು ಒಂದು ಹಾಳೆ ಮುಂದಿಟ್ಟ.

“ಇವತ್ತೇ ಸುರಕ್ಷತಾ ಮಂಡಳಿಗೆ ವರದಿ ಹೋಗಬೇಕು. ಮುಚ್ಚಳಗಳಿಗೆ ಬೀಗ ಹಾಕಿಸುತ್ತೇನೆ, ಇನ್ನು ಯಾರೂ ಮುಟ್ಟುವ ಹಾಗಿಲ್ಲ. ಪಟ್ಟಿ ಸವೆದ ಹನ್ನೊಂದು ಹಡಗು ದುರಸ್ತಿಗೆ ಹೋಗುತ್ತವೆ. ಉಳಿದವು ಇವತ್ತು ಸಂಜೆಯಿಂದಲೇ ಓಡುತ್ತವೆ. ಸುಧೀರಣ್ಣ, ಇಲ್ಲಿ ಒಂದು ಸಹಿ.”

“ಎಂತ ಬರದ್ರಿ?”

“ಚಾಲಕರು ಸೂಚನೆ ಮೀರಿ ಮುಚ್ಚಳ ತೆರೆದದ್ದರಿಂದ, ಅಂತ. ಅಷ್ಟೇ. ನಿಮ್ಮ ಮೇಲೆ ಏನೂ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಮಗಳ ಕೆಲಸಕ್ಕೂ ತೊಂದರೆ ಇಲ್ಲ.”

“ಯಾವ್ ಸೂಚನೆ? ಯಾವ್ ಪುಟದಲ್ಲಿತ್ತ್? ಓದಿ ಕಾಂಬ.”

ಕಾಮತ ಪ್ರಾರ್ಥನಾಳ ಕಡೆ ತಿರುಗಿದ. “ಮೇಡಂ, ನೀವು ಹೇಳಿ. ವಿನ್ಯಾಸದಲ್ಲಿ ತಪ್ಪು ಅಂತ ಬರೆದರೆ ಏನಾಗುತ್ತದೆ? ಮಂಡಳಿ ನಲವತ್ತೂ ಹಡಗಿನ ಪರವಾನಗಿ ತಡೆಹಿಡಿಯುತ್ತದೆ. ಮತ್ತೆ ಪರೀಕ್ಷೆ ಮುಗಿಯಲಿಕ್ಕೆ ಎಂಟು ತಿಂಗಳು. ಡಯಾಲಿಸಿಸ್ ಮಾಡಿಸುವವರಿಗೆ ಎಂಟು ತಿಂಗಳು ಕಾಯಿರಿ ಅಂತ ಯಾರು ಹೇಳುವುದು, ನೀವಾ?”

ಸುಧೀರನೂ ಅವಳ ಕಡೆಗೇ ನೋಡಿದ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ ಮಾತನ್ನು ಅವನು ಕೇಳಿಸಿಕೊಂಡಿದ್ದ. ಈಗ ಅದನ್ನೇ ಇಲ್ಲಿ ಇನ್ನೊಮ್ಮೆ ಹೇಳಿದರೆ ಸಾಕಿತ್ತು. ಪ್ರಾರ್ಥನಾ ಬಾಯಿ ತೆರೆದಳು. ಕಾಮತ ಹೇಳಿದ್ದರಲ್ಲಿ ಸುಳ್ಳಿಲ್ಲ. ಹಡಗು ನಿಂತರೆ ಜನ ಸಾಯುತ್ತಾರೆ. ತನ್ನ ಹನ್ನೊಂದು ವರ್ಷವೂ ಸಾಯುತ್ತದೆ. ಬಾಯಿ ಕಟ್ಟಿದ್ದು ಈ ಎರಡರಲ್ಲಿ ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡಿತು. ಅವಳು ಹಾಳೆಯನ್ನು ನೋಡುತ್ತ ಕೂತಳು.

ಸುಧೀರ ಸಿಟ್ಟು ಮಾಡಲಿಲ್ಲ. ಬೆಳಿಗ್ಗೆ ಅಷ್ಟು ಬಾಯಿ ಮಾಡಿದವನು ಈಗ ಗೊತ್ತಾಯಿತು ಎಂಬಂತೆ ನಿಧಾನ ತಲೆಯಾಡಿಸಿದ.

ಆ ತಲೆಯಾಡಿಸುವಿಕೆ ನೋಡಿ ಪ್ರಾರ್ಥನಾಗೆ ಬೇರೆಯೇ ಒಂದು ಭಯ ಹುಟ್ಟಿತು. ಆರು ವರ್ಷ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಈಗ ಬಾಯಿಗೆ ಬಂತು.

“ಸುಧೀರಣ್ಣ, ಈ ಮುಚ್ಚಳದ ಹಾಗೆ... ಪುಸ್ತಕದಲ್ಲಿ ಇಲ್ಲದ್ದು, ನೀವು ದಿನಾ ಮಾಡುವಂಥದ್ದು, ಬೇರೆ ಏನಾದರೂ ಇದೆಯಾ?”

“ಇತ್ತ್,” ಎಂದ ಸುಧೀರ. “ಸುಮಾರಿತ್ತ್.”

“ಏನದು?”

“ಮೊದಲು ಸಹಿ ಆಗಲಿ,” ಎಂದ ಕಾಮತ. “ಅದನ್ನೆಲ್ಲ ಆಮೇಲೆ ಇನ್ನೊಂದು ಹಾಳೆಯಲ್ಲಿ ಬರೆದುಕೊಳ್ಳುವ.”

ಸುಧೀರ ನಕ್ಕ. “ಹೌದ್. ನಾ ಒಂದೊಂದೇ ಹೇಳ್ತಾ ಹೋಪುದ್, ನೀವ್ ಒಂದೊಂದಕ್ಕೂ ಹಾಳಿ ಮಾಡುದ್. ಎಲ್ಲದ್ರ ಕೆಳ್ಗೂ ನನ್ ಸಹಿ.” ಎದ್ದು ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಒಳಗೆ ಸರಿಸಿದ. “ನೀವ್ ಕೂತ್ಕಣಿ ಅಮ್ಮ. ನಾ ಬತ್ತೆ.”

ಬಾಗಿಲು ಮುಚ್ಚಿತು. ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು.

ಹೊರಗೆ ಗಾಳಿ ಕುಡಿಯಲು ಹೋಗಿರಬೇಕು, ಬರುತ್ತಾನೆ ಎಂದ ಕಾಮತ. ಹತ್ತು ನಿಮಿಷ ಕಳೆಯಿತು. ಅರ್ಧ ಗಂಟೆ ಕಳೆಯಿತು. ಪ್ರಾರ್ಥನಾ ಎದ್ದು ಕೆಳಗೆ ಓಡಿದಳು. ಕಟ್ಟೆಯ ಮೇಲೆ ಅವನಿಲ್ಲ. ಡ್ರೈವರುಗಳು ಕೂರುವ ಮರದ ಕೆಳಗೆ ಅವನಿಲ್ಲ, ಬೇರೆ ಯಾರೂ ಇಲ್ಲ. ಚಾ ಅಂಗಡಿಯವಳನ್ನು ಕೇಳಿದಳು. ನೋಡಿಲ್ಲ ಎಂದಳು ಅವಳು. ಅವಳ ಒಲೆಯ ಗ್ಯಾಸಿನ ಪೈಪು ಒಂದು ಕಡೆ ಬಿರಿದಿತ್ತು, ಬಿರಿದಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು. ಸುಧೀರನ ಮನೆಗೆಂದು ಹತ್ತಿದ ಬಾಡಿಗೆ ಕಾರಿನ ಚಾಲಕ ಸೀಟಿನ ಬೆಲ್ಟನ್ನು ಬೆನ್ನ ಹಿಂದಿನಿಂದ ತಂದು ಕೊಂಡಿಗೆ ಸಿಕ್ಕಿಸಿಟ್ಟಿದ್ದ. “ಇಲ್ಲದಿದ್ರೆ ಕುಂಯ್ ಕುಂಯ್ ಅಂತ ತಲೆ ತಿಂತದೆ ಮೇಡಂ,” ಎಂದ. ನಲವತ್ತೊಂಬತ್ತು ವರ್ಷದಲ್ಲಿ ಎಷ್ಟು ಕಾರುಗಳಲ್ಲಿ ಇದನ್ನು ನೋಡಿದ್ದಳೋ. ಇವತ್ತು ಮೊದಲ ಸಲ ಕಂಡಿತು.

ಮನೆಯಲ್ಲಿ, ವಾರಾಹಿಯಿಂದ ಇಳಿದು ಬಂದಿದ್ದ ಇಂಚರ ಒಬ್ಬಳೇ ಇದ್ದಳು. ಅಪ್ಪ ಬಂದು ಬಟ್ಟೆಯ ಚೀಲ ತೆಗೆದುಕೊಂಡು ಹೋದರು ಎಂದಳು. ರತ್ನಾಗಿರಿಯ ಕಡೆ ಇನ್ನೂ ಹಳೆಯ ಮರದ ದೋಣಿ ಇಟ್ಟುಕೊಂಡ ಸ್ನೇಹಿತನೊಬ್ಬನಿದ್ದಾನೆ, ಅಲ್ಲಿಗಿರಬೇಕು. ಫೋನು ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದ.

“ನಿಮಗೆ ಗೊತ್ತಾ ಇಂಚರ? ಬೇರೆ ಏನೇನು ಮಾಡುತ್ತೀರಿ ನೀವೆಲ್ಲ, ಪುಸ್ತಕದಲ್ಲಿ ಇಲ್ಲದ್ದು?”

“ನಂಗೆ ಮುಚ್ಚಳವೂ ತಪ್ಪ್ ಅಂದೇಳಿ ಗೊತ್ತಿರ್ಲಿಲ್ಲ,” ಎಂದಳು ಇಂಚರ. “ಯಾವ್ದ್ ಪುಸ್ತಕದ್ದ್, ಯಾವ್ದ್ ಅಪ್ಪಂದ್ ಅಂದೇಳಿ ನಾ ಹ್ಯಾಂಗೆ ಹೇಳುದ್?”

ಪ್ರಾರ್ಥನಾ ಅಂಗಳದಲ್ಲೇ ನಿಂತಳು. ಬಂದರಿನಿಂದ ಭೋಂ ಎಂಬ ಕೂಗು ಕೇಳಿಸಿತು. ಸಂಜೆಯ ಹಡಗು ಹೊರಟಿತ್ತು. ಅದರ ಮುಚ್ಚಳಕ್ಕೆ ಹೊಸ ಬೀಗ ಬಿದ್ದಿತ್ತು, ಮೂಗಿನ ದೀಪ ಹಸಿರಾಗಿತ್ತು, ಬೆಂಚುಗಳು ತುಂಬಿದ್ದವು.

ಸುಧೀರ ಮೊಗವೀರ ಗಂಗೊಳ್ಳಿ ಬಂದರಿಗೆ ಮತ್ತೆ ಬರಲಿಲ್ಲ.